ಪ್ರತಿಯಿದ್ದರೆ ಸಾಲದು, ಓದುವ ದಾರಿಯೂ ಉಳಿಯಬೇಕು

ಕಳೆದ ಮಳೆಗಾಲದಲ್ಲಿ ನಮ್ಮ ವಿಭಾಗದ ಹಳೆಯ ಕಪಾಟನ್ನು ಒರಸಿ ಜೋಡಿಸುವ ಕೆಲಸಕ್ಕೆ ಐಚ್ಛಿಕ ಕನ್ನಡದ ಕೆಲವು ವಿದ್ಯಾರ್ಥಿಗಳು ನನ್ನೊಂದಿಗೆ ಕೈಗೂಡಿಸಿದರು. ಗೆದ್ದಲು ಮುಟ್ಟದ ಒಂದು ತಗಡಿನ ಡಬ್ಬಿಯೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಮೂರು ಸಿ.ಡಿ.ಗಳು ದೊರೆತವು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿ ಓದುತ್ತಿದ್ದವರು ಊರೂರು ತಿರುಗಿ ಬರೆದುಕೊಂಡ ಪಾಡ್ದನಗಳು, ಶೋಭಾನೆ ಹಾಡುಗಳು, ಗಾದೆಗಳು ಅವುಗಳಲ್ಲಿದ್ದವು. ಮೇಲೆ ಶಾಯಿಯಲ್ಲಿ ‘ಭದ್ರಪ್ರತಿ’ ಎಂದು ಬರೆದಿತ್ತು. ಸಿ.ಡಿ. ಓದುವ ಗಣಕಯಂತ್ರವೊಂದನ್ನು ಹುಡುಕಿ ತೆರೆದಾಗ ಪರದೆಯ ತುಂಬ ಬಂದದ್ದು ಕನ್ನಡವಲ್ಲ. ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಸಂತೆ. ‘ಕ’ ಇರಬೇಕಾದಲ್ಲೆಲ್ಲ ಇಂಗ್ಲಿಷಿನ ‘ಪಿ’, ಅದರ ಬೆನ್ನಿಗೆ ಗೀಟು ಹೊತ್ತ ಒಂದು ‘ಎ’. “ಇದು ಹಾಳಾಗಿದೆಯೇ ಸರ್?” ಎಂದು ಒಬ್ಬಳು ಕೇಳಿದಳು. ಇಲ್ಲ, ಒಂದು ಬೈಟೂ ಹಾಳಾಗಿರಲಿಲ್ಲ. ಬರೆದಿಟ್ಟವರು ಇಟ್ಟದ್ದು ಇಟ್ಟಂತೆಯೇ ಇತ್ತು. ಅದನ್ನು ಕನ್ನಡವೆಂದು ಕಾಣಿಸಬಲ್ಲ ಅಕ್ಷರಮಾದರಿ ಮಾತ್ರ ಆ ಯಂತ್ರದಲ್ಲಿರಲಿಲ್ಲ.

ಈ ಸಂಗತಿಯನ್ನು ನಮ್ಮಲ್ಲಿಯೇ ಓದಿ, ಈಗ ಬೆಂಗಳೂರಿನಲ್ಲಿ ದೊಡ್ಡ ಗಣಕಗಳ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರಿಗೆ ದೂರವಾಣಿಯಲ್ಲಿ ಹೇಳಿದೆ. ಅವರು ನಕ್ಕು, “ಸರ್, ನಮ್ಮ ಕೆಲಸವೆಲ್ಲ ಇದೇ. ಒಂದು ಮೇನ್‌ಫ್ರೇಮ್ ವ್ಯವಸ್ಥೆಯಲ್ಲಿದ್ದ ಬ್ಯಾಕಪ್ ಸರ್ವರನ್ನು ಇನ್ನೊಂದು ವ್ಯವಸ್ಥೆಗೆ ಸಾಗಿಸುವುದು. ಟೇಪು ಹೊರುವುದು ಸುಲಭ, ಓದಿಸುವುದು ಕಷ್ಟ” ಎಂದರು. ಅವರಿಂದ ಕೇಳಿದ್ದನ್ನು, ಅನಂತರ ಓದಿ ಅರಿತುಕೊಂಡದ್ದನ್ನು ಸೇರಿಸಿ ಈ ಲೇಖನದಲ್ಲಿ ಒಂದು ಅಭಿಪ್ರಾಯವನ್ನು ಮಂಡಿಸುತ್ತೇನೆ. ಗಣಕದ ವಿಷಯ ಕನ್ನಡ ವಿಭಾಗದ ವಾರ್ತಾಪತ್ರಕ್ಕೇಕೆ ಎಂದು ಮುಖ ತಿರುಗಿಸಬೇಡಿ. ಪಾಠಾಂತರ, ಲಿಪ್ಯಂತರ, ಪ್ರತಿ, ಪ್ರತಿಕಾರ ಎಂಬ ಮಾತುಗಳನ್ನು ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿತ ನಿಮಗೆ ಈ ವಿಷಯ ಪರಕೀಯವೆನಿಸದು.

ಬ್ಯಾಂಕು, ವಿಮೆ, ರೈಲು, ಸರಕಾರಿ ಲೆಕ್ಕಪತ್ರ ಮುಂತಾದ ನಿಲ್ಲಿಸಲಾಗದ ಕೆಲಸಗಳನ್ನು ಹೊತ್ತು ನಡೆಸುವ ಹಿರಿಯ ಗಣಕಕ್ಕೆ ಮೇನ್‌ಫ್ರೇಮ್ ಎಂದು ಹೆಸರು. ಐಬಿಎಂ ಸಂಸ್ಥೆ 1964ರ ಏಪ್ರಿಲ್ 7ರಂದು ಪ್ರಕಟಿಸಿದ ಸಿಸ್ಟಮ್/360 ಎಂಬ ಕುಟುಂಬದ ವಂಶ ಇಂದಿಗೂ ಬೆಳೆಯುತ್ತಿದೆ. ಈ ಯಂತ್ರಕ್ಕೆ ಒಂದೇ ಆಪರೇಟಿಂಗ್ ಸಿಸ್ಟಮ್ ಎಂಬ ಕಟ್ಟಿಲ್ಲ. ಎಂವಿಎಸ್‌ನಿಂದ ಬೆಳೆದು ಬಂದ ಜೆಡ್/ಓಎಸ್, ಒಂದು ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ತೋರಿಸುವ ಜೆಡ್/ವಿಎಂ, ಸಣ್ಣ ಕಚೇರಿಗಳ ಅಗತ್ಯದಿಂದ ಹುಟ್ಟಿದ ವಿಎಸ್‌ಇ, ಇತ್ತೀಚಿನ ಎರಡು ದಶಕಗಳಲ್ಲಿ ಸೇರಿಕೊಂಡ ಲಿನಕ್ಸ್ – ಇವೆಲ್ಲ ಒಂದೇ ಕಬ್ಬಿಣದ ಮೇಲೆ ನಡೆಯಬಲ್ಲವು. ಕಾಸರಗೋಡಿನ ನಮಗೆ ಇದು ಅಚ್ಚರಿಯೇನಲ್ಲ. ಒಂದೇ ಪೇಟೆಯ ಒಂದೇ ಅಂಗಡಿಯಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಕೇಳಿ ಬೆಳೆದವರು ನಾವು. ನೆಲ ಒಂದಾದ ಮಾತ್ರಕ್ಕೆ ಮಾತು ಒಂದಾಗುವುದಿಲ್ಲವೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಬ್ಯಾಕಪ್ ಸರ್ವರ್. ಸಂಸ್ಥೆಯ ನೂರಾರು ಗಣಕಗಳಲ್ಲಿರುವ ಕಡತಗಳ ಪ್ರತಿಗಳನ್ನು ದಿನದಿನವೂ ಪಡೆದು ಕಾದಿಡುವ ತಂತ್ರಾಂಶ ಇದು. ಇದರಲ್ಲಿ ಎರಡು ಭಾಗಗಳನ್ನು ಬೇರೆಬೇರೆಯಾಗಿ ಗಮನಿಸಬೇಕು. ಒಂದು, ಪ್ರತಿಗಳನ್ನು ಹೊತ್ತ ಟೇಪುಗಳು. ಇನ್ನೊಂದು, ಯಾವ ಕಡತದ ಯಾವ ದಿನದ ಪ್ರತಿ ಯಾವ ಟೇಪಿನ ಯಾವ ಜಾಗದಲ್ಲಿದೆ, ಅದನ್ನು ಎಷ್ಟು ದಿನ ಇಡಬೇಕು ಎಂದು ಹೇಳುವ ಸೂಚಿ, ಎಂದರೆ ದತ್ತಸಂಚಯ. ಪ್ರತಿದಿನ ಬದಲಾದ ಕಡತಗಳನ್ನಷ್ಟೇ ಪಡೆದುಕೊಳ್ಳುವ ಪದ್ಧತಿಯಿರುವುದರಿಂದ ಒಬ್ಬರ ಗಣಕದ ಕಡತಗಳು ಹತ್ತಾರು ಟೇಪುಗಳಲ್ಲಿ ಚೆದರಿರುತ್ತವೆ. ಆ ಸೂಚಿ ಕಳೆದುಹೋದರೆ ಟೇಪುಗಳ ರಾಶಿಯೆಲ್ಲ ಕಟ್ಟು ಬಿಚ್ಚಿ, ಗರಿಗಳ ಸಂಖ್ಯೆ ಅಳಿಸಿ, ನೂರು ಗ್ರಂಥಗಳ ಓಲೆಗಳನ್ನು ಒಂದೇ ಬುಟ್ಟಿಗೆ ಸುರಿದ ಹಾಗೆ. ಓಲೆಗಳು ಇವೆ, ಗ್ರಂಥ ಇಲ್ಲ.

ಒಂದು ನಿಜವಾದ ನಿದರ್ಶನವನ್ನು ನೋಡೋಣ. 1993ರಲ್ಲಿ ಐಬಿಎಂ ಹೊರತಂದ ಎಡಿಎಸ್‌ಎಂ ಎಂಬ ಬ್ಯಾಕಪ್ ಸರ್ವರ್ ಮೊದಲಿಗೆ ಎಂವಿಎಸ್ ಮತ್ತು ವಿಎಂ ಎಂಬ ಮೇನ್‌ಫ್ರೇಮ್ ವ್ಯವಸ್ಥೆಗಳ ಮೇಲೆ ನಡೆಯುತ್ತಿತ್ತು. ಮುಂದೆ ಬೇರೆ ವ್ಯವಸ್ಥೆಗಳಿಗೂ ಹಬ್ಬಿತು. 1999ರಲ್ಲಿ ಅದರ ಹೆಸರು ಟಿವೋಲಿ ಸ್ಟೋರೇಜ್ ಮ್ಯಾನೇಜರ್ ಎಂದಾಯಿತು. 2009ರ ಆರನೆಯ ಆವೃತ್ತಿಯಲ್ಲಿ ಅದರ ಒಳಗಿನ ಸೂಚಿಯನ್ನೇ ಬದಲಿಸಿ ಡಿಬಿ2 ಎಂಬ ದತ್ತಸಂಚಯವನ್ನು ಕೂರಿಸಿದರು. ಆ ಹೊಸ ಆವೃತ್ತಿಯ ಸರ್ವರ್ ಜೆಡ್/ಓಎಸ್ ಮೇಲೆ ಬರಲಿಲ್ಲ. ಅದುವರೆಗೆ ಜೆಡ್/ಓಎಸ್ ಮೇಲೆ ವರ್ಷಗಟ್ಟಲೆ ಪ್ರತಿಗಳನ್ನು ಪೇರಿಸಿದ್ದ ಸಂಸ್ಥೆಗಳ ಮುಂದೆ ಆಗ ಒಂದೇ ಪ್ರಶ್ನೆ: ಎಲ್ಲಿಗೆ ಹೋಗುವುದು, ಹೇಗೆ ಹೋಗುವುದು?

ಸೂಚಿಯ ಒಂದು ಪ್ರತಿ ತೆಗೆದು ಹೊಸ ವ್ಯವಸ್ಥೆಯಲ್ಲಿ ಇಳಿಸಿದರೆ ಮುಗಿಯಿತಲ್ಲ ಎಂದು ನಿಮಗೆ ತೋರಬಹುದು. ಅದು ಸಾಧ್ಯವಿಲ್ಲ. ಆ ಸರ್ವರಿನ ಸೂಚಿಯ ಪ್ರತಿಯನ್ನು ಅದೇ ಬಗೆಯ ವ್ಯವಸ್ಥೆಯಲ್ಲಿ ಮಾತ್ರ ಮರಳಿ ನಿಲ್ಲಿಸಬಹುದು. ಬೇರೆ ಆಪರೇಟಿಂಗ್ ಸಿಸ್ಟಮ್ ಅದನ್ನು ಒಪ್ಪುವುದಿಲ್ಲ. ಕಾರಣವನ್ನು ಅಕ್ಷರದಿಂದಲೇ ಆರಂಭಿಸಿ ತಿಳಿಯಬೇಕು.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆ ಯಾವ ಅಕ್ಷರ ಎಂಬ ಒಪ್ಪಂದಕ್ಕೆ ಸಂಕೇತಪಟ್ಟಿ ಎನ್ನೋಣ. ಜಗತ್ತಿನ ಬಹುತೇಕ ಗಣಕಗಳು ನೆಚ್ಚಿಕೊಂಡ ಆಸ್ಕಿ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡ ‘ಎ’ 65ನೆಯ ಸಂಖ್ಯೆ. ಮೇನ್‌ಫ್ರೇಮಿನ ಇಬಿಸಿಡಿಕ್ ಪಟ್ಟಿಯಲ್ಲಿ ಅದೇ ಅಕ್ಷರ 193. ಇಬಿಸಿಡಿಕ್‌ನಲ್ಲಿ ಪದಗಳ ನಡುವಿನ ಖಾಲಿ ಜಾಗದ ಸಂಖ್ಯೆ 64; ಆಸ್ಕಿಯಲ್ಲಿ ಆ ಸಂಖ್ಯೆ ಮಿಂಚಂಚೆಯ ವಿಳಾಸದ ನಡುವೆ ಬರುವ ‘ಅಟ್’ ಚಿಹ್ನೆ. ಮೇನ್‌ಫ್ರೇಮಿನ ಬರಹವನ್ನು ಹಾಗೆಯೇ ಲಿನಕ್ಸಿನಲ್ಲಿ ತೆರೆದರೆ ಪದಗಳು ಗುರುತು ಸಿಗದಂತಾಗಿ, ಅವುಗಳ ನಡುವೆ ಸಾಲುಸಾಲಾಗಿ ಆ ಚಿಹ್ನೆ ಕುಳಿತಿರುತ್ತದೆ. ನಮ್ಮ ಸಿ.ಡಿ.ಯ ಗೀಟು ಹೊತ್ತ ‘ಎ’ಗಳ ಸಂತೆಗೆ ಇದು ಅಣ್ಣ.

ಪಟ್ಟಿಯ ಕ್ರಮವೂ ಬೇರೆ. ಆಸ್ಕಿಯಲ್ಲಿ ಅಂಕಿಗಳು ಮೊದಲು, ಆಮೇಲೆ ದೊಡ್ಡಕ್ಷರ, ಕೊನೆಗೆ ಚಿಕ್ಕಕ್ಷರ. ಇಬಿಸಿಡಿಕ್‌ನಲ್ಲಿ ಇದು ತಲೆಕೆಳಗು: ಚಿಕ್ಕಕ್ಷರ, ದೊಡ್ಡಕ್ಷರ, ಕೊನೆಗೆ ಅಂಕಿ. ಅಕಾರಾದಿಯಾಗಿ ಜೋಡಿಸಿದ ಸೂಚಿಯೊಂದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಾಗ ಅದರ ಅಕಾರಾದಿಯೇ ಬದಲಾದರೆ, ಹುಡುಕುವವನು ಇದ್ದದ್ದನ್ನೇ ಇಲ್ಲವೆಂದು ತಿಳಿಯುತ್ತಾನೆ. ಕಡತದ ಕಟ್ಟುವಿಕೆಯೂ ಬೇರೆ. ಮೇನ್‌ಫ್ರೇಮಿನಲ್ಲಿ ಕಡತವೆಂದರೆ ಅಳತೆ ಗೊತ್ತಿರುವ ದಾಖಲೆಗಳ ಸಾಲು. ಲಿನಕ್ಸಿನಲ್ಲಿ ಅದು ಎಡೆಬಿಡದೆ ಹರಿಯುವ ಬೈಟುಗಳ ತೊರೆ. ವೃತ್ತದಲ್ಲಿ ಬರೆದ ಕಾವ್ಯವನ್ನು ಪಾದವಿಂಗಡಣೆಯಿಲ್ಲದೆ ಗದ್ಯದಂತೆ ಬರೆದುಕೊಂಡ ಪ್ರತಿಯನ್ನು ಊಹಿಸಿಕೊಳ್ಳಿ. ಛಂದಸ್ಸು ಬಲ್ಲವನು ಪಾದಗಳನ್ನು ಮತ್ತೆ ಬಿಡಿಸಿಯಾನು, ಅರಿಯದವನಿಗೆ ಅದು ಬರಿಯ ಸಾಲು.

ಸರಿ, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಪ್ರತಿಯೊಂದು ಬೈಟನ್ನೂ ಪರಿವರ್ತಿಸಿಬಿಟ್ಟರಾಯಿತಲ್ಲವೇ? ಇಲ್ಲಿಯೇ ಅಪಾಯವಿರುವುದು. ಮೇನ್‌ಫ್ರೇಮಿನ ಲೆಕ್ಕಪತ್ರಗಳಲ್ಲಿ ಮೊತ್ತಗಳನ್ನು ಒತ್ತೊತ್ತಾಗಿ ತುಂಬುವ ಒಂದು ಪದ್ಧತಿಯಿದೆ: ಬೈಟಿನ ಎರಡು ಅರ್ಧಗಳಲ್ಲಿ ಎರಡು ಅಂಕಿ, ಕೊನೆಯ ಅರ್ಧದಲ್ಲಿ ಧನವೋ ಋಣವೋ ಎಂಬ ಗುರುತು. ಐದು ಎಂಬ ಮೊತ್ತವನ್ನು ಒಂದೇ ಬೈಟಿನಲ್ಲಿ ಬರೆದಾಗ ಅದರ ಎಡ ಅರ್ಧದಲ್ಲಿ 5, ಬಲ ಅರ್ಧದಲ್ಲಿ ಧನದ ಗುರುತಾದ ‘ಸಿ’. ಈ ಬೈಟನ್ನು ಅಕ್ಷರವೆಂದು ತಪ್ಪು ತಿಳಿದರೆ ಇಬಿಸಿಡಿಕ್ ಪಟ್ಟಿಯಲ್ಲಿ ಅದು ನಕ್ಷತ್ರ ಚಿಹ್ನೆ. ಪರಿವರ್ತಕ ಅದನ್ನು ಆಸ್ಕಿಯ ನಕ್ಷತ್ರ ಚಿಹ್ನೆಯಾಗಿ ಬದಲಿಸುತ್ತದೆ. ಆ ಹೊಸ ಬೈಟಿನ ಎಡ ಅರ್ಧ 2, ಬಲ ಅರ್ಧ ‘ಎ’. ಮೊತ್ತಗಳ ಲೆಕ್ಕದಲ್ಲಿ ‘ಎ’ ಕೂಡ ಧನದ ಗುರುತಾಗಿಯೇ ಸಲ್ಲುತ್ತದೆ. ಹೀಗೆ ಐದು ರೂಪಾಯಿ ಎರಡು ರೂಪಾಯಿಯಾಯಿತು. ಯಾವ ಗಂಟೆಯೂ ಬಾರಿಸಲಿಲ್ಲ, ಯಾವ ದೋಷಸಂದೇಶವೂ ಬರಲಿಲ್ಲ. ಓದಲಾಗದ ಪ್ರತಿ ಎಚ್ಚರಿಸುತ್ತದೆ. ಸರಾಗವಾಗಿ ಓದಿಸಿಕೊಂಡು ಸುಳ್ಳು ಹೇಳುವ ಪ್ರತಿ ಎಚ್ಚರಿಸುವುದಿಲ್ಲ. ಸುಲಭಗೊಳಿಸಿದ ಪಾಠಕ್ಕಿಂತ ಕಷ್ಟಪಾಠವೇ ಮೇಲು ಎಂದು ಸಂಪಾದನಶಾಸ್ತ್ರ ಹೇಳುವುದರ ಹಿಂದೆಯೂ ಇದೇ ವಿವೇಕವಿದೆ.

ಆದುದರಿಂದ ಸಾಗಣೆಯ ಮೊದಲ ನಿಯಮ ಇದು: ಯಾವುದನ್ನು ಅನುವಾದಿಸಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಚನೆ. ಸರ್ವರಿನ ಸ್ವಂತ ಬರಹಗಳನ್ನು, ಎಂದರೆ ಹೆಸರು, ನಿಯಮ, ಗುರುತುಪಟ್ಟಿಗಳನ್ನು, ಹೊಸ ಪಟ್ಟಿಗೆ ತಿರುಗಿಸಲೇಬೇಕು. ಜನರು ನಂಬಿ ಒಪ್ಪಿಸಿದ ಕಡತಗಳ ಒಳಗಿನ ಬೈಟುಗಳನ್ನು ಹಾಗೆಯೇ ದಾಟಿಸಬೇಕು.

ಈ ನಿಯಮದಡಿ ಸಂಸ್ಥೆಗಳ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು ರಫ್ತು–ಆಮದು. ಹಳೆಯ ಸರ್ವರೇ ತನ್ನ ಸೂಚಿಯನ್ನೂ ಕಡತಗಳನ್ನೂ ಎರಡೂ ವ್ಯವಸ್ಥೆಗಳಿಗೆ ಅರ್ಥವಾಗುವ ಒಂದು ಸಾಮಾನ್ಯ ರೂಪದಲ್ಲಿ ಬಿಡಿಸಿ ಬರೆಯುತ್ತದೆ, ಹೊಸ ಸರ್ವರ್ ಅದನ್ನು ಓದಿ ತನ್ನ ಸೂಚಿಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಇದು ಪ್ರಾಮಾಣಿಕವಾದ ದಾರಿ, ನಿಧಾನದ ದಾರಿ. ಪ್ರತಿಯೊಂದು ಕಡತವನ್ನೂ ಟೇಪಿನಿಂದ ಓದಿ ಮತ್ತೆ ಬರೆಯಬೇಕು. ಎರಡನೆಯದು, 2011ರಲ್ಲಿ 6.3ನೆಯ ಆವೃತ್ತಿಯೊಂದಿಗೆ ಬಂದ ಸಾಗಣೆಯ ಉಪಕರಣ. ಜೆಡ್/ಓಎಸ್‌ನ ಸೂಚಿಯನ್ನು ಎಐಎಕ್ಸ್ ಅಥವಾ ಮೇನ್‌ಫ್ರೇಮಿನದೇ ಲಿನಕ್ಸ್ ಮೇಲಿನ ಹೊಸ ಸರ್ವರಿಗೆ ಸಾಗಿಸಿ, ಟೇಪುಗಳನ್ನು ಇದ್ದಲ್ಲಿಯೇ ಬಿಟ್ಟು, ಜೆಡ್/ಓಎಸ್‌ನಲ್ಲಿ ಒಬ್ಬ ದ್ವಾರಪಾಲಕನನ್ನು ನಿಲ್ಲಿಸಿ ಅವನ ಮೂಲಕ ಅವನ್ನು ಓದಿಸುವ ಏರ್ಪಾಡು. ಮೂರನೆಯದು ಅತ್ಯಂತ ಸುಲಭ: ಹೊಸ ಸರ್ವರನ್ನು ಬರಿದಾಗಿ ಆರಂಭಿಸುವುದು. ಇಂದಿನಿಂದ ಹೊಸ ಪ್ರತಿಗಳೆಲ್ಲ ಹೊಸ ಕಡೆಗೆ; ಹಳೆಯ ಸರ್ವರನ್ನು ಅದರಲ್ಲಿರುವ ಪ್ರತಿಗಳ ಅವಧಿ ತೀರುವ ತನಕ ಮೂಲೆಯಲ್ಲಿ ಉರಿಸಿಟ್ಟು, ತೀರಿದ ಮೇಲೆ ಆರಿಸಿಬಿಡುವುದು.

ಮೂರನೆಯ ದಾರಿಯನ್ನು ನಾನು ಹೀಗಳೆಯುತ್ತಿಲ್ಲ. ಅವಧಿಯುಳ್ಳ ವಸ್ತುವಿಗೆ ಅದು ಸರಿಯಾದದ್ದೇ. ತೊಂಬತ್ತು ದಿನ ಇಟ್ಟರೆ ಸಾಕೆನ್ನುವ ಕಡತಕ್ಕಾಗಿ ತಿಂಗಳುಗಟ್ಟಲೆ ಟೇಪು ತಿರುಗಿಸುವುದು ವ್ಯರ್ಥ. ಆದರೆ ಅವಧಿಯೇ ಇಲ್ಲದ ವಸ್ತುವಿಗೆ ಇದೇ ದಾರಿಯನ್ನು ಹಿಡಿದರೆ ಏನಾಗುತ್ತದೆ? ಹಳೆಯ ಸರ್ವರ್ ಎಂದೆಂದಿಗೂ ಉರಿಯಬೇಕು. ಉರಿಯುವುದಿಲ್ಲ. ಯಂತ್ರ ಮುದಿಯಾಗುತ್ತದೆ, ಪರವಾನಿಗೆ ತೀರುತ್ತದೆ, ಅದನ್ನು ಬಲ್ಲವರು ನಿವೃತ್ತರಾಗುತ್ತಾರೆ. ಒಂದು ದಿನ ಯಾರೋ ಅದನ್ನು ಆರಿಸುತ್ತಾರೆ. ಯಾರೂ ತೀರ್ಮಾನ ಕೈಗೊಳ್ಳದೆಯೇ ತೀರ್ಮಾನವಾಗಿಬಿಡುತ್ತದೆ. ಅವಧಿಯುಳ್ಳದ್ದಕ್ಕೆ ಮೂರನೆಯ ದಾರಿ ಮಿತವ್ಯಯ, ಅವಧಿಯಿಲ್ಲದ್ದಕ್ಕೆ ಅದು ಸದ್ದಿಲ್ಲದ ತ್ಯಾಗ. ಈ ಭೇದವನ್ನು ಸಾಗಣೆಗೆ ಮೊದಲೇ ಮಾಡಬೇಕು ಎಂಬುದು ನನ್ನ ವಾದದ ತಿರುಳು.

ಕನ್ನಡದ ವಿಷಯದಲ್ಲಿ ನಾವು ಯಾವ ದಾರಿಯನ್ನು ಹಿಡಿದೆವು? 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಎಂಬ ಅಕ್ಷರಮಾದರಿಯೂ ಮನೆಮನೆಯ ಗಣಕಕ್ಕೆ ಬಂದಿತು. ಆದರೆ ಮುದ್ರಣಾಲಯಗಳೂ ಕಚೇರಿಗಳೂ ಕಾಲೇಜುಗಳೂ ಬಹುಕಾಲ ಬಳಸಿದ್ದು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಅಕ್ಷರಮಾದರಿಗಳನ್ನು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಉಪಕಾರವನ್ನು ಮರೆಯಬಾರದು. ಅವಿಲ್ಲದಿದ್ದರೆ ಆ ಪಾಡ್ದನಗಳನ್ನು ಯಾರೂ ಟೈಪು ಮಾಡುತ್ತಿರಲಿಲ್ಲ. ತಪ್ಪು ಅವುಗಳದ್ದಲ್ಲ. ಯೂನಿಕೋಡಿಗೆ ಬಂದಾಗ ಹಿಂದಿನದನ್ನು ದಾಟಿಸದೆ ಬರಿದಾಗಿ ಹೊಸತನ್ನು ಆರಂಭಿಸಿದ ನಮ್ಮದು. ಅಧ್ಯಯನ ಪ್ರಬಂಧಗಳು, ಸ್ಮರಣಸಂಚಿಕೆಗಳು, ಯಕ್ಷಗಾನ ಪ್ರಸಂಗಗಳು, ಊರ ದೇವಸ್ಥಾನದ ಇತಿಹಾಸಗಳು ಇವೆಲ್ಲ ಮೂರನೆಯ ದಾರಿಯ ಮೂಲೆಯ ಸರ್ವರಿನಲ್ಲಿ ಉಳಿದುಹೋದವು. ಅವುಗಳಿಗೆ ಯಾವ ಅವಧಿಯೂ ಇರಲಿಲ್ಲ.

ಪರಿವರ್ತಕ ತಂತ್ರಾಂಶಗಳಿವೆಯಲ್ಲ, ಬೇಕಾದಾಗ ಪರಿವರ್ತಿಸಿಕೊಂಡರಾಯಿತು ಎಂದು ಕೆಲವರು ಹೇಳುತ್ತಾರೆ. ಈ ಮಾತಿಗೆ ಉತ್ತರ ಅರ್ಕಾವೊತ್ತಿನಲ್ಲಿದೆ. ‘ಸೂರ್ಯ’ ಎನ್ನುವಲ್ಲಿ ನಾವು ಉಚ್ಚರಿಸುವುದು ಮೊದಲು ರಕಾರ, ಆಮೇಲೆ ಯಕಾರ. ಯೂನಿಕೋಡ್ ಈ ಉಚ್ಚಾರಣೆಯ ಕ್ರಮದಲ್ಲಿಯೇ ಕೂಡಿಡುತ್ತದೆ. ಹಳೆಯ ಅಕ್ಷರಮಾದರಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂಡಿಡುತ್ತದೆ: ಮೊದಲು ಯಕಾರ, ಅದರ ಬಲಕ್ಕೆ ಅರ್ಕಾವೊತ್ತು. ತುಣುಕಿಗೆ ತುಣುಕು ಹೊಂದಿಸುವ ಪರಿವರ್ತಕ ಇದನ್ನು ‘ಸೂಯರ್’ ಮಾಡುತ್ತದೆ, ‘ಕರ್ತವ್ಯ’ವನ್ನು ‘ಕತರ್ವ್ಯ’ ಮಾಡುತ್ತದೆ. ಇಂಥ ರೂಪಗಳನ್ನು ನೀವು ಕಂಡಿರುತ್ತೀರಿ, ಮುದ್ರಣದೋಷವೆಂದು ದಾಟಿರುತ್ತೀರಿ. ಅವು ಸಾಗಣೆಯ ಗಾಯಗಳು. ಒಳ್ಳೆಯ ಪರಿವರ್ತಕಗಳು ಇದನ್ನು ಸರಿಪಡಿಸುತ್ತವೆ ಎಂಬುದು ನಿಜ. ಆದರೆ ಸರಿಯಾಗಿದೆಯೆಂದು ಹೇಳಬೇಕಾದವರು ಯಾರು? ‘ಸೂಯರ್’ ತಪ್ಪೆಂದು ಯಾರೂ ಹೇಳಿಯಾರು. ತುಳು ಪಾಡ್ದನದ ನಡುವೆ ಬರುವ, ಯಾವ ನಿಘಂಟಿನಲ್ಲೂ ಸಿಗದ ಒಂದು ಊರಿನ ಹೆಸರಿನಲ್ಲಿ ಅರ್ಕಾವೊತ್ತು ಜಾರಿದ್ದರೆ ಹೇಳುವವರು ಆ ಹಾಡನ್ನು ಕೇಳಿದವರು ಮಾತ್ರ. ಐದು ರೂಪಾಯಿ ಎರಡಾದುದನ್ನು ಹಣ ಇಟ್ಟವನು ಮಾತ್ರ ಹೇಳಬಲ್ಲ. ಹಾಡಿದವರು ಈಗಾಗಲೇ ಇಲ್ಲ. ಬರೆದುಕೊಂಡವರು ನಡುವಯಸ್ಸಿನಲ್ಲಿ ಇನ್ನೂ ನಮ್ಮ ನಡುವೆ ಇದ್ದಾರೆ. ‘ಬೇಕಾದಾಗ’ ಎಂಬ ಮಾತಿನೊಳಗೆ ಅಡಗಿರುವ ಅವಧಿ ಅದು.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಪಾಠ ಗಣಕಕ್ಕಿಂತ ಮೊದಲೇ ಆಗಿದೆ. 1956ರ ನವೆಂಬರ್ 1ರಂದು ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿತು. ಯಂತ್ರ ಅದೇ, ನಡೆಸುವ ವ್ಯವಸ್ಥೆ ಬೇರೆಯಾಯಿತು ಎನ್ನಬಹುದು. ನಮ್ಮ ಅಜ್ಜಂದಿರ ಭೂದಾಖಲೆಗಳು ಕನ್ನಡದಲ್ಲಿದ್ದವು. ಅವುಗಳನ್ನು ಯಾರೂ ಸುಡಲಿಲ್ಲ. ಆದರೆ ‘ಮೂಲಗೇಣಿ’, ‘ಚಾಲಗೇಣಿ’ ಎಂಬ ಎರಡು ಮಾತುಗಳ ಅಂತರವನ್ನು ಅರಿಯದೆ ಎರಡನ್ನೂ ಬರಿಯ ‘ಗೇಣಿ’ ಎಂದು ತಿರುಗಿಸಿದರೆ, ಶಾಶ್ವತವಾದ ಹಕ್ಕೊಂದು ವರ್ಷಾವಧಿಯ ಒಪ್ಪಂದವಾಗಿಬಿಡುತ್ತದೆ. ಕಾಗದ ಉಳಿದರೂ ಅದನ್ನು ಓದಬಲ್ಲವರು ಕಚೇರಿಯಲ್ಲಿ ಇಲ್ಲವಾದರೆ ಹಕ್ಕು ಉಳಿಯುತ್ತದೆಯೇ? ಇಲ್ಲಿ ಕನ್ನಡ ಬಲ್ಲ ನೌಕರರು ಬೇಕೆಂದು ಹಿರಿಯರು ಕೇಳುತ್ತ ಬಂದದ್ದು ಬರಿಯ ಅಭಿಮಾನದಿಂದಲ್ಲ. ಓದುವ ದಾರಿಯನ್ನು ತೆರೆದಿಡಬೇಕೆಂಬ ಲೋಕವ್ಯವಹಾರದ ಕಾರಣದಿಂದ.

ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ಪುಟಗಳನ್ನು ಚಿತ್ರವಾಗಿ ತೆಗೆದಿಟ್ಟರೆ ಸಾಲದೇ, ಅಕ್ಷರದ ಗೊಡವೆಯೇ ಇರುವುದಿಲ್ಲವಲ್ಲ ಎಂಬುದು. ಚಿತ್ರ ಬೇಕು, ಮೂಲದ ಸಾಕ್ಷಿಯಾಗಿ ಅದರ ಬೆಲೆ ದೊಡ್ಡದು. ಆದರೆ ಚಿತ್ರದೊಳಗಿನ ಹಾಡನ್ನು ಹುಡುಕಲಾಗದು, ಪದಗಳನ್ನು ಎಣಿಸಲಾಗದು, ಎರಡು ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲಾಗದು. ಅದು ಟೇಪು ಮಾತ್ರ, ಸೂಚಿಯಲ್ಲ. ಸೂಚಿಯಿಲ್ಲದ ಟೇಪಿನ ಗತಿಯನ್ನು ಮೇಲೆ ಹೇಳಿದ್ದೇನೆ.

ಪ್ರತಿಯಿದೆಯೆಂಬ ನೆಮ್ಮದಿ ಎಷ್ಟು ಅಪಾಯಕಾರಿಯೆಂಬುದಕ್ಕೆ ಮೇನ್‌ಫ್ರೇಮಿನ ಹೊರಗಿನದಾದರೂ ಒಂದು ಪ್ರಸಿದ್ಧ ನಿದರ್ಶನವಿದೆ. ತಂತ್ರಾಂಶ ಬರೆಯುವವರ ಕಡತಗಳನ್ನು ಕಾದಿಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಮುಖ್ಯ ದತ್ತಸಂಚಯ ಕೈತಪ್ಪಿನಿಂದ ಅಳಿಸಿಹೋಯಿತು. ದಿನಂಪ್ರತಿ ಪ್ರತಿ ತೆಗೆಯುವ ಏರ್ಪಾಡಿತ್ತು. ಆದರೆ ಪ್ರತಿ ತೆಗೆಯುವ ಉಪಕರಣ ಒಂದು ಆವೃತ್ತಿಯದ್ದು, ದತ್ತಸಂಚಯ ಇನ್ನೊಂದು ಆವೃತ್ತಿಯದ್ದು. ಎರಡೂ ಹೊಂದದೆ ಪ್ರತಿ ತೆಗೆಯುವ ಕೆಲಸ ದಿನವೂ ಸೋಲುತ್ತಿತ್ತು. ಸೋತ ಸುದ್ದಿಯ ಅಂಚೆಯೂ ಯಾರಿಗೂ ತಲಪುತ್ತಿರಲಿಲ್ಲ. ಬೇರೊಂದು ಕಾರಣಕ್ಕೆ ಅದೇ ದಿನ ಕೈಯಾರೆ ತೆಗೆದಿಟ್ಟ ಪ್ರತಿಯೊಂದು ಇದ್ದುದರಿಂದ ನಷ್ಟ ಸುಮಾರು ಆರು ಗಂಟೆಗಳ ಕೆಲಸಕ್ಕೆ ನಿಂತಿತು. ಆ ಸಂಸ್ಥೆ ಎಲ್ಲವನ್ನೂ ಬಹಿರಂಗವಾಗಿ ಬರೆದು ಒಪ್ಪಿಕೊಂಡದ್ದು ಮೆಚ್ಚತಕ್ಕದ್ದು. ಮರಳಿ ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ, ಅದೊಂದು ನಂಬಿಕೆ ಮಾತ್ರ.

ಹಾಗಾದರೆ ನಾವು ಮಾಡಬಹುದಾದುದೇನು? ನಮ್ಮಲ್ಲಿ ಮೇನ್‌ಫ್ರೇಮ್ ಇಲ್ಲ, ಹಣವೂ ಇಲ್ಲ. ಆದರೆ ಮೇನ್‌ಫ್ರೇಮಿನವರು ಕಲಿತ ಕ್ರಮ ಹಣವನ್ನು ಬೇಡುವುದಿಲ್ಲ. ಮೊದಲಾಗಿ, ಈ ಮೂರು ಸಿ.ಡಿ.ಗಳೂ ಸೇರಿದಂತೆ ವಿಭಾಗದಲ್ಲಿಯೂ ನಮ್ಮ ನಿಮ್ಮ ಮನೆಗಳಲ್ಲಿಯೂ ಇರುವ ಹಳೆಯ ಕಡತಗಳ ಪಟ್ಟಿ ಮಾಡೋಣ. ಅವಧಿಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸೋಣ; ಹಳೆಯ ಸಭಾಸೂಚನೆಗಳನ್ನು ದಾಟಿಸಬೇಕಾಗಿಲ್ಲ, ಪಾಡ್ದನಗಳನ್ನು ದಾಟಿಸಲೇಬೇಕು. ಎರಡನೆಯದಾಗಿ, ಮೂಲಕಡತವನ್ನು ಒಂದಕ್ಷರವೂ ಮುಟ್ಟದೆ, ಅದರ ಅಕ್ಷರಮಾದರಿಯೊಂದಿಗೆ ಬೇರೆಯಾಗಿ ಇಡೋಣ. ಪರಿವರ್ತನೆ ನಡೆಯುವುದು ಅದರ ನಕಲಿನ ಮೇಲೆ. ಮೂರನೆಯದಾಗಿ, ಪರಿವರ್ತಿಸಿದವರು ಬೇರೆ, ಓದಿ ಒಪ್ಪುವವರು ಬೇರೆ ಆಗಿರಲಿ. ಸಾಧ್ಯವಿದ್ದಲ್ಲೆಲ್ಲ ಮೊದಲು ಬರೆದುಕೊಂಡ ಹಿರಿಯ ವಿದ್ಯಾರ್ಥಿಗಳನ್ನೇ ಕರೆದು ಕೂರಿಸೋಣ. ನಾಲ್ಕನೆಯದಾಗಿ, ಹಳೆಯ ಲಿಪಿಕಾರರಂತೆ ಪ್ರತಿಯೊಂದರ ಕೊನೆಗೂ ಒಂದು ಸಮಾಪ್ತಿವಾಕ್ಯವಿರಲಿ: ಹಾಡಿದವರು, ಬರೆದುಕೊಂಡವರು, ಊರು, ವರ್ಷ, ಯಾವ ಮಾದರಿಯಿಂದ ಯಾವುದಕ್ಕೆ ಪರಿವರ್ತಿತ, ತಿದ್ದಿದವರು. ಓಲೆಗರಿಯ ಲಿಪಿಕಾರ ‘ತಪ್ಪಿದ್ದರೆ ತಿದ್ದಿ ಓದುವುದು’ ಎಂದು ಕೇಳಿಕೊಳ್ಳುವ ವಿನಯವೂ ಅದರಲ್ಲಿರಲಿ. ಕೊನೆಯದಾಗಿ, ವರ್ಷಕ್ಕೊಮ್ಮೆ ಒಂದು ದಿನವನ್ನು ಗೊತ್ತುಮಾಡಿ, ಆ ವರ್ಷ ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಕೈಗೆ ಈ ಕಡತಗಳನ್ನು ಕೊಟ್ಟು, ಅವರದೇ ಯಂತ್ರದಲ್ಲಿ ತೆರೆದು ಗಟ್ಟಿಯಾಗಿ ಓದಿಸೋಣ. ಇಟ್ಟವರು ತೆರೆದರೆ ಪರೀಕ್ಷೆಯಾಗದು, ಅರಿಯದವರು ತೆರೆಯಬೇಕು.

ಇದು ನಿಧಾನದ, ರಫ್ತು–ಆಮದಿನ ದಾರಿ. ತುಳುವಿನ ಹಳೆಯ ಕಾವ್ಯವಾದ ‘ಶ್ರೀ ಭಾಗವತೊ’ ತಿಗಳಾರಿ ಲಿಪಿಯ ಓಲೆಯಿಂದ ಕನ್ನಡ ಲಿಪಿಗೆ ಬಂದದ್ದೂ ಇದೇ ದಾರಿಯಲ್ಲಿ. ವೆಂಕಟರಾಜ ಪುಣಿಂಚತ್ತಾಯರಂಥವರು ಆ ಲಿಪಿಯನ್ನೂ ಆ ಭಾಷೆಯನ್ನೂ ಎರಡನ್ನೂ ಬಲ್ಲವರಾಗಿದ್ದು, ಇನ್ನೂ ಓದಲು ಸಾಧ್ಯವಿದ್ದ ಕಾಲದಲ್ಲಿಯೇ ಕುಳಿತು ಓದಿದುದರಿಂದ ಅದು ನಮಗೆ ದೊರೆಯಿತು. ಎರಡು ವ್ಯವಸ್ಥೆಗಳೂ ಜೀವಂತವಾಗಿರುವ ನಡುಗಾಲದಲ್ಲಿ ಮಾತ್ರ ಸಾಗಣೆ ಸಾಧ್ಯ. ಹಳೆಯದು ಆರಿದ ಮೇಲೆ ಉಳಿಯುವುದು ಉತ್ಖನನ.

ನಮ್ಮ ಆ ಮೂರು ಸಿ.ಡಿ.ಗಳಲ್ಲಿ ಎರಡನ್ನು ಈಗಾಗಲೇ ನಕಲು ಮಾಡಿಕೊಂಡಿದ್ದೇವೆ. ಮೂರನೆಯದು ಅರ್ಧಕ್ಕೆ ನಿಲ್ಲುತ್ತಿದೆ. ಮೊದಲ ಕಡತವನ್ನು ಪರಿವರ್ತಿಸಿ ಓದಲು ಕುಳಿತಾಗ, ಅಂದು ‘ಹಾಳಾಗಿದೆಯೇ’ ಎಂದು ಕೇಳಿದ ವಿದ್ಯಾರ್ಥಿನಿ ಒಂದು ಹೆಸರಿನ ಬಳಿ ನಿಂತು, “ಇದು ನಮ್ಮ ಊರಿನ ಬೈಲಿನ ಹೆಸರು ಸರ್, ಅಕ್ಷರ ಹಿಂದುಮುಂದಾಗಿದೆ” ಎಂದಳು. ಯಾವ ತಂತ್ರಾಂಶವೂ ಅದನ್ನು ಹೇಳುತ್ತಿರಲಿಲ್ಲ. ಮುಂದಿನ ಶನಿವಾರ ಅಪರಾಹ್ನ ಉಳಿದ ಕಡತಗಳನ್ನು ಹಂಚಿಕೊಳ್ಳೋಣ. ಮನೆಯಲ್ಲಿ ಹಳೆಯ ಸಿ.ಡಿ.ಯೋ ಫ್ಲಾಪಿಯೋ ಇದ್ದರೆ ತನ್ನಿ. ಹಾಡು ಬಲ್ಲ ಅಜ್ಜಿ ಇದ್ದರೆ ಅವರನ್ನು ಕೇಳಿಕೊಂಡು ಬನ್ನಿ.